ಮೊಣಕಾಲು ನೋವಿಗೆ ಜೆಲ್: ಎಷ್ಟು ಹಚ್ಚಬೇಕು, ಹೇಗೆ ಹಚ್ಚಬೇಕು?

ಶಿರಸಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ತಾಸುಗಟ್ಟಲೆ ಕೂರುವವರಿದ್ದಾರೆ. ಕಾರವಾರ, ಅಂಕೋಲೆಯ ಮೀನು ಪೇಟೆಯಲ್ಲಿ ಬೆಳಗಿನಿಂದ ಕಾಲು ಮಡಚಿಯೇ ಕೂತಿರುವ ಹೆಂಗಸರಿದ್ದಾರೆ. ಐವತ್ತು ದಾಟಿದ ಮೇಲೆ ಇವರಲ್ಲಿ ಅನೇಕರ ದೂರು ಮೊಣಕಾಲಿನದ್ದೇ. ಮನೆಯಲ್ಲಿ ಒಂದು ಜೆಲ್ ಟ್ಯೂಬ್ ಇದ್ದೇ ಇರುತ್ತದೆ. ‘ಹಚ್ಚಿದೆ, ಏನೂ ಆಗಲಿಲ್ಲ’ ಎನ್ನುವವರನ್ನು ಸ್ವಲ್ಪ ವಿಚಾರಿಸಿ. ಕಡಲೆಕಾಳಿನಷ್ಟು ಹಚ್ಚಿರುತ್ತಾರೆ, ಅದೂ ನೋವು ಜೋರಾದ ದಿನ ಮಾತ್ರ. ಅಷ್ಟಕ್ಕೆ ಔಷಧ ಹೇಗೆ ಕೆಲಸ ಮಾಡೀತು?

ಮೊದಲು ಟ್ಯೂಬ್ ಓದಿ

ಹಚ್ಚಿದ ಕೂಡಲೇ ತಣ್ಣಗೆ ಅನ್ನಿಸುವುದು ಮೆಂಥಾಲ್‌ನಿಂದ. ಉರಿಯೂತ ಇಳಿಸುವುದು ಡೈಕ್ಲೋಫೆನಾಕ್‌ನಂಥ ಔಷಧ. ಆ ಹೆಸರು ಟ್ಯೂಬಿನ ಮೇಲಿದೆಯಾ ನೋಡಿ. ಬರೀ ಬಾಮ್ ಆದರೆ ಮುಂದೆ ಹೇಳುವ ಅಳತೆಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಜನೌಷಧಿ ಅಂಗಡಿಯಲ್ಲೂ ಡೈಕ್ಲೋಫೆನಾಕ್ ಜೆಲ್ ಕಡಿಮೆ ಬೆಲೆಗೆ ಸಿಗುತ್ತದೆ.

ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿ ಹಿಂದೆ ಉಬ್ಬಸ, ದದ್ದು ಆಗಿದ್ದರೆ ಈ ಜೆಲ್ ಬೇಡ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದ್ರೋಗ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಅಳತೆಯೇ ಮುಖ್ಯ

1.16 ಶೇಕಡಾ ಡೈಕ್ಲೋಫೆನಾಕ್ ಜೆಲ್ ಆದರೆ ಒಂದು ಮೊಣಕಾಲಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ 3–4 ಸಲ. ನಿಮ್ಮ ಟ್ಯೂಬಿನ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ತೂಗಿ ನೋಡಲು ಆಗುವುದಿಲ್ಲ ಅಲ್ವಾ, ಹಾಗಾಗಿ ಟ್ಯೂಬಿನಿಂದಲೇ ಲೆಕ್ಕ ಹಿಡಿಯಿರಿ. 30 ಗ್ರಾಂ ಟ್ಯೂಬಿನಲ್ಲಿ 2 ಗ್ರಾಂನಂತೆ 15 ಸಲ ಹಚ್ಚಬಹುದು. ದಿನಕ್ಕೆ ಮೂರು ಸಲ ಹಚ್ಚಿದರೆ ಒಂದು ಕಾಲಿಗೆ ಐದೇ ದಿನ. ಎರಡೂ ಕಾಲಿಗೆ ಹಚ್ಚುತ್ತಾ ಅದೇ ಟ್ಯೂಬು ತಿಂಗಳುಗಟ್ಟಲೆ ಬಂದರೆ ಹಚ್ಚಿದ್ದು ಸಾಲದು ಎಂದೇ ಅರ್ಥ. ಹಾಗಂತ ಬೇಗ ಗುಣವಾಗಲೆಂದು ಅಳತೆ ಮೀರುವುದೂ ಬೇಡ.

ಹಚ್ಚುವುದು

ನಮ್ಮ ಕರಾವಳಿಯ ಸೆಕೆಯಲ್ಲಿ ಚರ್ಮ ಯಾವಾಗಲೂ ಬೆವರುತ್ತದೆ. ಮೊದಲು ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಗಾಯ, ಕಜ್ಜಿ ಇರುವಲ್ಲಿ ಹಚ್ಚಬೇಡಿ. ಮೊಣಕಾಲ ಚಿಪ್ಪಿನ ಸುತ್ತ, ಎರಡೂ ಬದಿ, ಹಿಂಭಾಗದ ಮಡಿಕೆಗೂ ಮೆತ್ತಗೆ ಸವರಿ. ಜೋರಾಗಿ ತಿಕ್ಕುವುದು ಬೇಡ. ಹತ್ತು ನಿಮಿಷ ಬಟ್ಟೆ ತಾಗದಿರಲಿ, ಕನಿಷ್ಠ ಒಂದು ತಾಸು ನೀರು ಬೇಡ. ಕೈ ತೊಳೆಯುವುದು ಮರೆಯಬೇಡಿ, ಕಣ್ಣಿಗೆ ತಾಗಿದರೆ ಉರಿಯುತ್ತದೆ.

ಅಜ್ಜಿಯರು ಮಾಡುವ ಒಂದು ಕೆಲಸ ನಿಲ್ಲಿಸಲೇಬೇಕು. ಜೆಲ್ ಹಚ್ಚಿ ಮೇಲಿಂದ ಬಿಸಿನೀರಿನ ಶಾಖ ಕೊಡುವುದು, ಬಟ್ಟೆ ಬಿಗಿದು ಕಟ್ಟುವುದು. ಇದರಿಂದ ಚರ್ಮ ಕೆಂಪಾಗಿ ಗುಳ್ಳೆ ಏಳಬಹುದು. ಶಾಖ ಬೇಕೆಂದರೆ ಬೇರೆ ಹೊತ್ತಿನಲ್ಲಿ ಕೊಡಿ. ಹಚ್ಚಿದ ಜಾಗಕ್ಕೆ ಬಿಸಿಲೂ ಬೇಡ. ಮನೆಯ ನಾಯಿ, ಬೆಕ್ಕು ಅದನ್ನು ನೆಕ್ಕದಂತೆ ನೋಡಿಕೊಳ್ಳಿ, ಅವಕ್ಕೆ ಇದು ವಿಷ.

ಎಷ್ಟು ದಿನ ಕಾಯಬೇಕು?

ಒಂದು ವಾರವಾದರೂ ಬಿಡದೆ ಹಚ್ಚಿ. ಮೂರು ವಾರವಾದರೂ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ, ವೈದ್ಯರ ಬಳಿ ಹೋಗಿ. ಎಲ್ಲರಿಗೂ ಇದು ಹಿಡಿಯುವುದಿಲ್ಲ. ಅಧ್ಯಯನಗಳಲ್ಲಿ ಡೈಕ್ಲೋಫೆನಾಕ್ ಹಚ್ಚಿದ ಹತ್ತು ಜನರಲ್ಲಿ ಸುಮಾರು ಆರು ಮಂದಿಗೆ ನೋವು ಅರ್ಧಕ್ಕಿಳಿಯಿತು, ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ ಐದು ಮಂದಿಗೆ. ವ್ಯತ್ಯಾಸ ಸಣ್ಣದೇ. ಆದರೂ ನಾನು ಮೊದಲು ಜೆಲ್ ಎನ್ನುವುದಕ್ಕೆ ಕಾರಣವಿದೆ. ಮಾತ್ರೆಗೆ ಹೋಲಿಸಿದರೆ ಇದರಿಂದ ರಕ್ತಕ್ಕೆ ಸೇರುವ ಔಷಧ ಶೇ 6ರಷ್ಟು ಮಾತ್ರ. ವಯಸ್ಸಾದವರ ಹೊಟ್ಟೆ, ಕಿಡ್ನಿಗೆ ಅದು ದೊಡ್ಡ ಉಪಕಾರ. ಜೆಲ್ ಜೊತೆಗೆ ಸುಮ್ನೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಆ ಲಾಭ ಹೋಯಿತು.

ಮೊಣಕಾಲು ಚರ್ಮಕ್ಕೆ ಹತ್ತಿರವಿರುವುದರಿಂದ ಔಷಧ ಅಲ್ಲಿಗೆ ತಲುಪುತ್ತದೆ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ಜೆಲ್ ಪ್ರಯೋಜನವಿಲ್ಲ. ಕೀಲಿನ ಮೂಳೆಗಳ ತುದಿಗಿರುವ ಮೆತ್ತನೆಯ ಪದರ, ಅಂದರೆ ಮೃದ್ವಸ್ಥಿ ಸವೆದಿದ್ದರೆ ಅದನ್ನು ಇದು ಮತ್ತೆ ಬೆಳೆಸುವುದೂ ಇಲ್ಲ. ನೋವು ಇಳಿದಾಗ ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ, ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಭಾರ ಕಡಿಮೆ.

ಮೊಣಕಾಲು ಏಕಾಏಕಿ ಊದಿ, ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಜೆಲ್ ಹಚ್ಚುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.