ಅಪ್ಪನ ಪೆಟ್ಟಿಗೆ ತೆರೆದದ್ದು

ಅಪ್ಪ ಹೋಗಿ ವರ್ಷ ಕಳೆದ ಮೇಲೆ ಜಾಗವನ್ನು ನಮ್ಮ ಹೆಸರಿಗೆ ಮಾಡಿಸುವ ಮಾತು ಬಂತು. ಅದಕ್ಕೆ ಹಳೆ ಆಧಾರ ಬೇಕಿತ್ತು. ಆಧಾರ ಅಂದರೆ ಕಾರ್ಡಲ್ಲ, ನಮ್ಮ ಕಾಸರಗೋಡಿನ ಕಡೆ ಕ್ರಯಪತ್ರಕ್ಕೆ ಹಾಗೇ ಹೇಳುವುದು. ಇದ್ದರೆ ಅಟ್ಟದ ಪೆಟ್ಟಿಗೆಯಲ್ಲೇ ಇರಬೇಕು. ಅಜ್ಜನ ಕಾಲದ ಹಲಸಿನ ಮರದ ಪೆಟ್ಟಿಗೆ ಅದು. ಬೀಗದ ಕೈ ಎಲ್ಲಿದೆ ಅಂತ ಅಪ್ಪ ಯಾರಿಗೂ ಹೇಳಿರಲಿಲ್ಲ.

ತಮ್ಮ ಉಳಿ, ಸುತ್ತಿಗೆ ತಂದ. ಅಮ್ಮ ಒಂದೇ ಮಾತು ಹೇಳಿದರು: "ಒಡೆಯುವುದಾದರೆ ನಾನು ಮನೆಯಲ್ಲಿ ಇಲ್ಲದಾಗ ಒಡೆ." ಉಳಿ ವಾಪಸು ಹೋಯಿತು. ತಿರುಪುಗಳೆಲ್ಲ ಒಳಬದಿಗೆ ಇದ್ದದ್ದರಿಂದ ಹಿಂದಿನ ಬಿಜಾಗರಿ ಕಳಚುವ ಹಾಗೂ ಇರಲಿಲ್ಲ.

ಮೊದಲ ತಪ್ಪು ನನ್ನದೇ. ಬೀಗದ ತೂತಿಗೆ ತೆಂಗಿನೆಣ್ಣೆ ಬಿಟ್ಟೆ. ಒಳಗಿದ್ದ ಧೂಳೆಲ್ಲ ಅದಕ್ಕೆ ಅಂಟಿ ಮೇಣದ ಹಾಗಾಯಿತು. ಆಮೇಲೆ ಚಿಮಿಣಿ ಎಣ್ಣೆ ಹಾಕಿ, ಹತ್ತಿ ಸುತ್ತಿದ ಕಡ್ಡಿಯಿಂದ ಅದನ್ನು ತೆಗೆಯುವುದಕ್ಕೆ ಎರಡು ದಿನ ಹಿಡಿಯಿತು. ಕೊನೆಗೆ ಹಾಕಿದ್ದು ಎರಡೇ ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ.

ಮನೆಯ ಹಳೆ ಗೊಂಚಲಲ್ಲಿ 17 ಬೀಗದ ಕೈ ಇತ್ತು. ಎಲ್ಲವನ್ನೂ ತುರುಕಿ ನೋಡುವ ಮೊದಲು ತೂತಿಗೆ ಟಾರ್ಚ್ ಹಿಡಿದೆ. ನಡುವೆ ಒಂದು ಸಣ್ಣ ಕಡ್ಡಿ ನಿಂತಿತ್ತು. ಅಂದರೆ ಅದರ ಮೇಲೆ ಕೂರುವ, ಮೂತಿ ಟೊಳ್ಳಾಗಿರುವ ಕೈಯೇ ಬೇಕು. ಅಂಥವು ಮೂರೇ ಇದ್ದವು. ಕಪಾಟಿನದೊಂದು ಒಳಗೆ ಹೋಗಿ, ಸ್ವಲ್ಪ ತಿರುಗಿ ನಿಂತಿತು.

ಅಷ್ಟಕ್ಕೇ ಪೇಟೆಯಲ್ಲಿ ರಸ್ತೆ ಬದಿ ಕೂರುವ ಕೀ ಮಾಡುವವರನ್ನು ಮನೆಗೆ ಕರೆದುಕೊಂಡು ಬಂದೆ. ಅವರು ಅದೇ ಕೈಯನ್ನು ಚಿಮಿಣಿ ದೀಪದ ಮೇಲೆ ಹಿಡಿದು ಮಸಿ ಮಾಡಿ, ಬೀಗಕ್ಕೆ ಹಾಕಿ ಮೆಲ್ಲ ತಿರುಗಿಸಿ ಹೊರಗೆ ತೆಗೆದರು. ತಾಗಿದ ಜಾಗದಲ್ಲಿ ಮಾತ್ರ ಮಸಿ ಹೋಗಿ ಹಿತ್ತಾಳೆ ಮಿನುಗುತ್ತಿತ್ತು. ಅಲ್ಲಿಗೆ ಅರದಿಂದ ನಾಲ್ಕು ಎಳೆತ. ಪುನಃ ಮಸಿ, ಪುನಃ ಅರ. ಹೀಗೆ ಆರೇಳು ಸಲ. ಕೈ ಇನ್ನೂ ಸ್ವಲ್ಪ ಮುಂದೆ ಹೋಯಿತು, ಆದರೆ ಪೂರ್ತಿ ತಿರುಗಲಿಲ್ಲ. ನಾನು ಮುಚ್ಚಳವನ್ನು ಮೇಲಕ್ಕೆ ಎಳೆದು ಹಿಡಿದಿದ್ದೆ, ತೆರೆಯುವುದೇ ಮೇಲಕ್ಕೆ ಅಲ್ವಾ.

"ಎಂತ ಮಾರಾಯ್ರೆ, ಎಳೆಯಬೇಡಿ. ಒತ್ತಿ!"

ಮೊಣಕಾಲು ಊರಿ ಒತ್ತಿದೆ. ಟಕ್ ಅಂತು.

ಆಟಿಯ ಮಳೆಗೆ ಮರ ಉಬ್ಬಿತ್ತು. ಮುಚ್ಚಳ ಮೇಲಕ್ಕೆ ಬಂದು, ಅದರ ಕೊಂಡಿ ಬೀಗದ ನಾಲಗೆಯನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಎಳೆದಷ್ಟೂ ಕಚ್ಚುತ್ತದೆ, ಒತ್ತಿದರೆ ಬಿಡುತ್ತದೆ. ಬೇಸಿಗೆಯವರೆಗೆ ಕಾದಿದ್ದರೆ ಸುಲಭವಾಗುತ್ತಿತ್ತೋ ಏನೋ.

ಒಳಗಿಂದ ನುಸಿ ಗುಳಿಗೆಯ ವಾಸನೆ, ಮುಗ್ಗಲು ವಾಸನೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯನ್ನು ಜಗಲಿಗೆ ತಂದೆವು. ಕಾಗದಗಳನ್ನು ಬಿಸಿಲಿಗೆ ಹಾಕಲಿಲ್ಲ, ಹಳೆ ಕಾಗದ ಬಿಸಿಲಿಗೆ ಬಣ್ಣಗೆಟ್ಟು ಪುಡಿಯಾಗುತ್ತದೆ. ಬಿಳಿ ಪಂಚೆ ಹಾಸಿ ನೆರಳಲ್ಲೇ ಹರಡಿದೆ. ಲ್ಯಾಮಿನೇಷನ್ ಮಾಡಿಸಿ ಅಂದವರಿದ್ದಾರೆ. ಖಂಡಿತ ಬೇಡ, ಒಮ್ಮೆ ಮಾಡಿಸಿದರೆ ಕಾಗದವನ್ನು ಹಾಳಾಗದ ಹಾಗೆ ಬಿಡಿಸುವುದು ಕಷ್ಟ.

ಮೇಲೆ ಸಿಕ್ಕಿದ್ದು ತೀರ್ವೆ, ಅಂದರೆ ಭೂಕಂದಾಯದ ರಶೀದಿಗಳ ಕಟ್ಟು. ಕೆಳಗಿನವು ರೂಪಾಯಿ, ಆಣೆ, ಪೈ ಲೆಕ್ಕದ ಕನ್ನಡ ರಶೀದಿಗಳು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಕಟ್ಟಿನಲ್ಲಿ ಮೇಲೆ ಬಂದ ಹಾಗೆ ಅಕ್ಷರ ಮಲಯಾಳವಾಗುತ್ತದೆ. ಅಜ್ಜ ಆ ಒಂದೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದರು, "ಕೆಳಗಿನ ಗದ್ದೆ", "ಮೇಲಿನ ತೋಟ" ಅಂತ. ಸ್ವಲ್ಪ ಮೇಲೆ ಬಂದರೆ ಬರವಣಿಗೆ ಅಪ್ಪನದು, ನೀಲಿ ಶಾಯಿ, ಅದೇ ಎರಡು ಮಾತು.

ಆಧಾರ ಅಡಿಯಲ್ಲಿತ್ತು. ಒಂದು ಮೂಲೆ ಒರಲೆ ತಿಂದಿದೆ, ಬರಹಕ್ಕೆ ತಾಗಿಲ್ಲ. ಆ ಬೀಗದ ಕೈ ಈಗ ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ. ಪೆಟ್ಟಿಗೆಗೆ ಬೀಗ ಹಾಕುವುದಿಲ್ಲ.