ಜರ್ಮನಿಯಲ್ಲಿ ಮನೆ ಪಕ್ಕದ ಹೋಟೆಲಿಗೆ ಊಟಕ್ಕೆ ಹೋಗುವುದು ಹೇಗೆ?

ಕೆಲಸಕ್ಕೋ ಓದಿಗೋ ಮ್ಯೂನಿಕ್‌ಗೆ ಬಂದ ನಮ್ಮವರಿಗೆ ಹೊರಗೆ ಉಣ್ಣಬೇಕು ಅನ್ನಿಸಿದರೆ ಟ್ರೇನ್ ಹತ್ತಿ ಇಂಡಿಯನ್ ರೆಸ್ಟೋರೆಂಟ್ ಹುಡುಕುತ್ತಾರೆ. ಅಲ್ಲಿ ಕ್ರೀಮು ಸುರಿದ ಪನೀರ್, ಜೊತೆಗೆ ನಾನ್. ಇತ್ತ ಮನೆ ಪಕ್ಕದಲ್ಲೇ ಒಂದು ಗಾಸ್ಟ್‌ಹೌಸ್, ಅಂದರೆ ಇಲ್ಲಿನ ಊಟದ ಸಾದಾ ಹೋಟೆಲ್, ಇರುತ್ತದೆ. ‘ಅಲ್ಲಿ ಬರೀ ಹಂದಿ ಮಾಂಸ, ನಮಗೇನು ಸಿಗುತ್ತೆ’ ಅಂತ ಅತ್ತ ಕಾಲೇ ಇಡುವುದಿಲ್ಲ. ಸಿಗುತ್ತದೆ. ಕೇಳುವ ಕ್ರಮ ಗೊತ್ತಿರಬೇಕು, ಅಷ್ಟೆ.

ಮೊದಲು ಬಾಗಿಲ ಮೇಲಿನ ಚೀಟಿ ಓದಿ

ಇಲ್ಲಿನ ಸಣ್ಣ ಹೋಟೆಲುಗಳಿಗೆ ವಾರದ ರಜೆ ಇರುತ್ತದೆ. ಬಾಗಿಲ ಮೇಲೆ ‘ರೂಹೆಟಾಗ್’ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಸೋಮವಾರ ಅಥವಾ ಮಂಗಳವಾರ. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಅಡುಗೆಮನೆ ಮುಚ್ಚುವ ಕಡೆಗಳೂ ಇವೆ. ರಾತ್ರಿ ಇನ್ನೊಂದು ಫಜೀತಿ. ಹೋಟೆಲ್ 11ರವರೆಗೆ ತೆರೆದಿದ್ದರೂ ಬಿಸಿ ಅಡುಗೆ 9ಕ್ಕೇ ಮುಗಿದಿರಬಹುದು. ನಮ್ಮ ಹಾಗೆ ಒಂಬತ್ತೂವರೆಗೆ ಊಟಕ್ಕೆ ಹೊರಟರೆ ಬರೀ ಬಿಯರ್ ಕುಡಿದು ಬರಬೇಕಾದೀತು. ಆರೂವರೆ, ಏಳಕ್ಕೆ ಹೋಗಿ. ಶುಕ್ರವಾರ, ಶನಿವಾರವಾದರೆ ಮೊದಲೇ ಫೋನ್ ಮಾಡಿ ಟೇಬಲ್ ಕಾದಿರಿಸಿ. ಮೊದಲ ಸಲಕ್ಕೆ ಬುಧವಾರವೋ ಗುರುವಾರವೋ ವಾಸಿ. ಗದ್ದಲ ಕಡಿಮೆ, ಬಡಿಸುವವರಿಗೂ ನಿಮ್ಮ ಪ್ರಶ್ನೆ ಕೇಳುವಷ್ಟು ಪುರುಸೊತ್ತು ಇರುತ್ತದೆ.

ಎಲ್ಲಿ ಕೂರುವುದು?

‘ರೆಸರ್ವೀರ್ಟ್’ (ಕಾದಿರಿಸಿದೆ) ಎಂಬ ಚೀಟಿ ಇಲ್ಲದ ಟೇಬಲ್ ನೋಡಿ. ‘ಶ್ಟಾಮ್‌ಟಿಷ್’ ಅಂತ ಫಲಕ ಇರುವ ಟೇಬಲ್ ಖಾಲಿ ಇದ್ದರೂ ಕೂರಬೇಡಿ. ಅದು ಕಾಯಂ ಗಿರಾಕಿಗಳದ್ದು. ಉದ್ದನೆಯ ಟೇಬಲಿನ ಒಂದು ತುದಿಯಲ್ಲಿ ಬೇರೆಯವರು ಕೂತಿದ್ದರೆ ‘ಇಸ್ಟ್ ಹಿಯರ್ ನೋಖ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯೇ?) ಅಂತ ಕೇಳಿ ಇನ್ನೊಂದು ತುದಿಯಲ್ಲಿ ಕೂರಬಹುದು. ಊರಿನ ಹೋಟೆಲುಗಳಲ್ಲಿ ಅಪರಿಚಿತರ ಎದುರು ಕೂತು ದೋಸೆ ತಿಂದವರಿಗೆ ಇದೇನು ಹೊಸದಲ್ಲ.

ಕುಡಿಯಲು ಏನು?

ಊಟಕ್ಕಿಂತ ಮೊದಲು ಕೇಳುವುದು ಇದನ್ನೇ. ಕೂತ ಕೂಡಲೇ ಲೋಟದಲ್ಲಿ ನೀರು ತಂದಿಡುವ ಪದ್ಧತಿ ಇಲ್ಲಿಲ್ಲ. ನೀರಿಗೂ ದುಡ್ಡು. ‘ವಾಸರ್’ ಅಂತಷ್ಟೇ ಹೇಳಿದರೆ ಹೆಚ್ಚಾಗಿ ಸೋಡಾ ಬರುತ್ತದೆ. ಸಾದಾ ನೀರು ಬೇಕಿದ್ದರೆ ‘ಶ್ಟಿಲೆಸ್ ವಾಸರ್’ ಅನ್ನಿ. ನಲ್ಲಿ ನೀರು ಕೇಳಬಹುದು. ಕೊಡಲೇಬೇಕು ಅಂತ ಕಾನೂನಿಲ್ಲ, ಕೆಲವರು ಮುಖ ಗಂಟಿಕ್ಕುತ್ತಾರೆ. ಬಿಯರ್ ಬೇಡದವರಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಆಪ್ಫೆಲ್‌ಶೋರ್ಲೆ’ ಒಳ್ಳೆಯದು. ಅಂದ ಹಾಗೆ, ಮದ್ಯ ಮಾರುವ ಹೋಟೆಲಿನಲ್ಲಿ ಮದ್ಯವಲ್ಲದ ಒಂದು ಪಾನೀಯವಾದರೂ ಅತಿ ಅಗ್ಗದ ಮದ್ಯಕ್ಕಿಂತ ದುಬಾರಿ ಇರಬಾರದು ಎಂದು ಜರ್ಮನಿಯ ಕಾನೂನೇ ಹೇಳುತ್ತದೆ.

ಟೇಬಲ್ ಮೇಲೆ ಬುಟ್ಟಿಯಲ್ಲಿ ಬ್ರೆಟ್ಸೆಲ್ (ಗಂಟು ಹಾಕಿದಂಥ ಆಕಾರದ ಬ್ರೆಡ್) ಇಟ್ಟಿದ್ದರೆ ಅದು ಬಿಟ್ಟಿ ಅಂದುಕೊಳ್ಳಬೇಡಿ. ಎಷ್ಟು ತಿಂದಿರೋ ಅಷ್ಟು ಲೆಕ್ಕ ಹಿಡಿಯುತ್ತಾರೆ.

ಸಸ್ಯಾಹಾರಿಗಳು ಇಲ್ಲಿ ನಿಧಾನಿಸಿ

ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ‘ಮಾಂಸ ಬೇಡ’ ಅಂದರೆ ಸಾಲದು. ಸಾರಿನ ಹಾಗೆ ತೆಳ್ಳಗಿರುವ ಸೂಪು ದನದ ಮೂಳೆ ಬೇಯಿಸಿದ ನೀರಿನಿಂದ ಮಾಡಿದ್ದಿರಬಹುದು. ಹುರಿದ ಆಲೂಗಡ್ಡೆಯಲ್ಲಿ ಹಂದಿ ಮಾಂಸದ ಚೂರು ಅಡಗಿರಬಹುದು. ಕೆಂಪು ಕೋಸಿನ ಪಲ್ಯಕ್ಕೆ ಒಗ್ಗರಣೆಯ ಎಣ್ಣೆ ಬದಲು ಹಂದಿ ಕೊಬ್ಬು ಬಿದ್ದಿರಬಹುದು. ತೆಳು ರೊಟ್ಟಿಯ ಮೇಲೆ ಕ್ರೀಮು, ಈರುಳ್ಳಿ ಹರಡಿ ಸುಡುವ ‘ಫ್ಲಾಮ್‌ಕೂಖನ್’ಗೂ ಅದೇ ಚೂರು ಹಾಕುವುದು ವಾಡಿಕೆ. ಆದ್ದರಿಂದ ‘ಓನೆ ಫ್ಲೈಷ್, ಓನೆ ಶ್ಪೆಕ್, ಓನೆ ಫ್ಲೈಷ್‌ಬ್ರೂಯೆ’ ಎಂದು ಮೂರನ್ನೂ ಸೇರಿಸಿ ಹೇಳಿ. ಮಾಂಸ, ಹಂದಿ ಚೂರು, ಮಾಂಸದ ರಸ ಯಾವುದೂ ಬೇಡ ಅಂತ.

ಮೆನುವಿನಲ್ಲಿ ತಿಂಡಿ ಹೆಸರಿನ ಪಕ್ಕ ಸಣ್ಣ ಅಕ್ಷರಗಳಿರುತ್ತವೆ, ಅರ್ಥ ಕೊನೆಯ ಪುಟದಲ್ಲಿ. ಅಲರ್ಜಿ ತರುವ 14 ಬಗೆಯ ಪದಾರ್ಥಗಳ ಮಾಹಿತಿ ಕೊಡಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಮೊಟ್ಟೆ, ಹಾಲು, ಎಳ್ಳು, ಸಾಸಿವೆ, ಮೀನು ಎಲ್ಲ ಆ ಪಟ್ಟಿಯಲ್ಲಿವೆ. ಆದರೆ ಮಾಂಸ ಇಲ್ಲ! ಮೊಟ್ಟೆ ಇದೆಯೋ ಇಲ್ಲವೋ ಎಂದು ನೋಡಲು ಪಟ್ಟಿ ಸಾಕು. ಮಾಂಸದ ವಿಷಯ ಬಾಯಿಬಿಟ್ಟೇ ಕೇಳಬೇಕು.

ಮೊಟ್ಟೆ ತಿನ್ನುವವರಿಗೆ ಚಿಂತೆಯಿಲ್ಲ. ‘ಕೇಸೆಶ್ಪೆಟ್ಸ್ಲೆ’ ತಗೊಳ್ಳಿ. ಮೊಟ್ಟೆ ಹಾಕಿದ ಹಿಟ್ಟಿನ ಶಾವಿಗೆಯಂಥ ತುಂಡುಗಳಿಗೆ ಚೀಸ್ ಕರಗಿಸಿ, ಮೇಲೆ ಗರಿಗರಿ ಈರುಳ್ಳಿ ಉದುರಿಸಿರುತ್ತಾರೆ. ಒಬ್ಬರಿಗೆ ಜಾಸ್ತಿಯೇ ಆಗುತ್ತದೆ, ಇಬ್ಬರು ಹಂಚಿಕೊಳ್ಳಲು ಇನ್ನೊಂದು ತಟ್ಟೆ ಕೇಳಿ. ಅಣಬೆ ಗೊಜ್ಜಿನ ಜೊತೆ ಬ್ರೆಡ್ಡಿನ ಉಂಡೆಯೂ ಚೆನ್ನ. ನನ್ನ ಮತ ಮಾತ್ರ ಎರಡನೆಯದಕ್ಕೆ, ಅಣಬೆ ತಾಜಾ ಇದ್ದರೆ. ಏಪ್ರಿಲ್‌ನಿಂದ ಜೂನ್ 24ರವರೆಗೆ ಬಿಳಿ ಶತಾವರಿಯ (ಆಸ್ಪರಾಗಸ್ ಎಂಬ ತರಕಾರಿಯ) ಕಾಲ. ಬೇಯಿಸಿದ ಆಲೂಗಡ್ಡೆ, ಬೆಣ್ಣೆಯ ಜೊತೆ ಕೊಡುತ್ತಾರೆ. ಜೊತೆಗೆ ಬರುವ ಹಂದಿ ತುಂಡು ಬೇಡ ಅನ್ನಲು ಮರೆಯಬೇಡಿ.

ಮೊಟ್ಟೆಯನ್ನೂ ಮುಟ್ಟದವರು ‘ವೇಗಾನ್’ ಎಂದು ಬರೆದದ್ದನ್ನು ಹುಡುಕುವುದು ಸುಲಭದ ದಾರಿ. ಮೇಲೆ ಹೇಳಿದ ಶ್ಪೆಟ್ಸ್ಲೆ, ಉಂಡೆ ಎರಡಕ್ಕೂ ಮೊಟ್ಟೆ ಹಾಕುತ್ತಾರೆ. ಖಾರದ ಆಸೆಯನ್ನಂತೂ ಎಲ್ಲರೂ ಮನೆಯಲ್ಲೇ ಬಿಟ್ಟು ಹೋಗಿ.

ಬಿಲ್ ತಾನಾಗಿ ಬರುವುದಿಲ್ಲ

ಊಟ ಮುಗಿದರೆ ಚಾಕು, ಫೋರ್ಕ್ ಎರಡನ್ನೂ ತಟ್ಟೆಯ ಬಲಕ್ಕೆ ಒಂದರ ಪಕ್ಕ ಒಂದು ಇಡಿ. ತಟ್ಟೆ ತೆಗೆಯುತ್ತಾರೆ. ಬಿಲ್ ಮಾತ್ರ ಕೇಳುವವರೆಗೂ ತರುವುದಿಲ್ಲ. ಉದಾಸೀನ ಅಂದುಕೊಂಡು ಕೆಲವರು ಸಿಟ್ಟಾಗುತ್ತಾರೆ. ಇಲ್ಲಿ ಕೇಳದೆ ಬಿಲ್ ತಂದಿಟ್ಟರೆ ‘ಏಳಿ’ ಅಂದ ಹಾಗೆ, ಅದಕ್ಕೇ ತರುವುದಿಲ್ಲ. ‘ತ್ಸಾಲನ್, ಬಿಟ್ಟೆ’ ಅನ್ನಿ. ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳುತ್ತಾರೆ. ಬೇರೆ ಬೇರೆ ಅಂದರೆ ಯಾರು ಏನು ತಿಂದರು ಎಂದು ಟೇಬಲಲ್ಲೇ ನಿಂತು ಲೆಕ್ಕ ಹಾಕುತ್ತಾರೆ. ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಎಂಬ ನಮ್ಮ ಜಗ್ಗಾಟ ಅವರಿಗೆ ಅರ್ಥವಾಗುವುದಿಲ್ಲ.

ಟಿಪ್ಸ್ ಶೇ 5ರಿಂದ 10 ಸಾಕು. ಟೇಬಲ್ ಮೇಲೆ ಬಿಟ್ಟು ಹೋಗುವುದಲ್ಲ, ದುಡ್ಡು ಕೊಡುವಾಗಲೇ ಹೇಳಬೇಕು. ಬಿಲ್ 46.80 ಯೂರೊ ಆಗಿದ್ದರೆ ನೋಟು ಅಥವಾ ಕಾರ್ಡ್ ಕೊಡುತ್ತಾ ‘ಐವತ್ತು’ ಅನ್ನಿ. ಕಾರ್ಡ್ ತೆಗೆದುಕೊಳ್ಳದ ಹೋಟೆಲುಗಳು ಇನ್ನೂ ಇವೆ. ಜೇಬಲ್ಲಿ ನಗದು ಇರಲಿ.

ಬುತ್ತಿ ಕಟ್ಟಿಕೊಂಡೂ ಹೋಗಬಹುದು

ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ಮರಗಳ ನೆರಳಲ್ಲಿ ಕೂತು ಬಿಯರ್ ಕುಡಿಯುವ ಬಿಯರ್ ಗಾರ್ಡನ್‌ಗಳಿವೆ, ಅವುಗಳ ಸಂಪ್ರದಾಯ ಇದು. 1812ರಲ್ಲಿ ಅಲ್ಲಿನ ರಾಜ ಬಿಯರ್ ತಯಾರಕರಿಗೆ ತಮ್ಮ ನೆಲಮಾಳಿಗೆಯ ಮುಂದೆ ಬಿಯರ್ ಮಾರಲು ಒಪ್ಪಿಗೆ ಕೊಟ್ಟ, ಆದರೆ ಬ್ರೆಡ್ ಬಿಟ್ಟು ಬೇರೆ ತಿನಿಸು ಮಾರುವಂತಿರಲಿಲ್ಲ. ಜನ ಮನೆಯಿಂದಲೇ ಬುತ್ತಿ ತಂದರು. ತಂದ ಊಟವನ್ನು ಅಲ್ಲೇ ತಿನ್ನುವ ಪದ್ಧತಿಗೆ 1999ರ ಬವೇರಿಯ ಸರ್ಕಾರದ ನಿಯಮದಲ್ಲೂ ಜಾಗ ಸಿಕ್ಕಿದೆ. ಪುಳಿಯೋಗರೆ, ಚಪಾತಿ, ಪಲ್ಯ, ಉಪ್ಪಿನಕಾಯಿ ಏನು ಬೇಕಾದರೂ ಬಿಚ್ಚಿ. ಕೈಯಲ್ಲಿ ತಿಂದರೂ ಯಾರೂ ನೋಡುವುದಿಲ್ಲ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಮೇಜುಬಟ್ಟೆ ಹಾಸಿದ ಟೇಬಲುಗಳು ಬಡಿಸುವವರ ಸುಪರ್ದಿ, ಅಲ್ಲಿ ಡಬ್ಬಿ ತೆರೆಯಬೇಡಿ. ಹೊರಡುವಾಗ ಎಲೆ, ಕಾಗದ ಎಲ್ಲ ಬಳಿದುಕೊಂಡು ಹೋಗಿ. ಗ್ಲಾಸಿಗೆ ಠೇವಣಿ ಹಿಡಿದಿದ್ದರೆ ಅದನ್ನು ವಾಪಸ್ ಕೊಟ್ಟು ದುಡ್ಡು ಇಸಿದುಕೊಳ್ಳಿ.