ಬೇಸಿಗೆಯಲ್ಲಿ ಹೊಲಕ್ಕೂ ಸಂತೆಗೂ ಹೋಗುವವರಿಗೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದರಿಂದ, ಹೊಲಕ್ಕಾಗಲಿ ರೈತರ ಸಂತೆಗಾಗಲಿ ಹೋಗುವವರು ಬೆಳಿಗ್ಗೆ 9 ಗಂಟೆಯೊಳಗೆ ಖರೀದಿ ಮುಗಿಸುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಮೆಂತ್ಯ, ಪುಂಡಿಪಲ್ಲೆ ಬಾಡಿ ಹೋಗಿರುತ್ತವೆ. ಕಲ್ಲಂಗಡಿಯನ್ನು ತಟ್ಟಿ ನೋಡುವುದಕ್ಕಿಂತ, ಅದು ನೆಲಕ್ಕೆ ತಾಗಿದ್ದ ಜಾಗವನ್ನು ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ: ಆ ಮಚ್ಚೆ ಬೆಣ್ಣೆಯಂತೆ ಹಳದಿಯಾಗಿದ್ದರೆ ಹಣ್ಣು ಬಳ್ಳಿಯಲ್ಲೇ ಮಾಗಿರುತ್ತದೆ, ಬೆಳ್ಳಗಿದ್ದರೆ ಬೇಗ ಕಿತ್ತಿರುತ್ತಾರೆ. ಹೊಲದಲ್ಲೇ ಕೊಳ್ಳುವುದಾದರೆ ತೊಟ್ಟಿನ ಪಕ್ಕದ ಎಳೆಬಳ್ಳಿ ಒಣಗಿದೆಯೇ ಎಂದೂ ಗಮನಿಸಿ. ಕರ್ಬೂಜಕ್ಕೆ ಮೂಗೇ ಸಾಕು. 2019ರಲ್ಲಿ ಭೌಗೋಳಿಕ ಸೂಚ್ಯಂಕದ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಜಿಐ ಟ್ಯಾಗ್) ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯನ್ನು ವರ್ಷಕ್ಕಾಗುವಷ್ಟು ಕೊಳ್ಳಲೂ ಇದು ತಕ್ಕ ಕಾಲ, ಏಕೆಂದರೆ ಚಳಿಗಾಲದಲ್ಲಿ ರಾಶಿಯಾದ ತೊಗರಿ ಇಷ್ಟರಲ್ಲಿ ಬೇಳೆಯಾಗಿರುತ್ತದೆ. ಮನೆಯಲ್ಲಿ ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿರಿ.